ಊದಿದ ಬ್ಯಾಟರಿಯನ್ನು ಎಲ್ಲಿಗೆ ತರಲಿ? ನಗರಸಭೆಯ ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ,

ನಮಸ್ಕಾರಗಳು.

ನಾನು ತಮ್ಮ ನಗರಸಭೆ ವ್ಯಾಪ್ತಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹದಿನೇಳು ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು. ವರ್ಷ ವರ್ಷ ಟ್ರೇಡ್ ಲೈಸೆನ್ಸ್ ಮಾಡಿಸುತ್ತೇನೆ, ಕಸದ ಶುಲ್ಕವನ್ನೂ ಕಟ್ಟುತ್ತೇನೆ. ಈಗ ಬರೆಯುತ್ತಿರುವ ವಿಷಯವಾಗಿಯೇ ತಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟಿದ್ದೇನೆ. ಎರಡಕ್ಕೂ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಅದಕ್ಕೇ ಮೂರನೆಯದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕಿಲ್ಲ. ತಮಗೆ ಗೊತ್ತಾಗುತ್ತದೆ. ಬೇರೆಯವರು ತಮ್ಮ ಊರಿನ ಹೆಸರು ಹಾಕಿಕೊಂಡು ಓದಿದರೂ ಹೆಚ್ಚು ತಪ್ಪಾಗಲಿಕ್ಕಿಲ್ಲ.

ಆಯುಧಪೂಜೆಗೆ ಇನ್ನು ಎರಡು ದಿನ ಇತ್ತು. ಮನೆ, ಅಂಗಡಿ, ಗ್ಯಾರೇಜು ಎಲ್ಲವನ್ನೂ ಗುಡಿಸಿ ತೊಳೆಯುವ ಕಾಲ. ಅಟ್ಟದ ಮೇಲೆ, ಬೀರುವಿನ ಹಿಂದೆ ವರ್ಷಗಟ್ಟಲೆ ಬಿದ್ದಿದ್ದ ಸಾಮಾನೆಲ್ಲ ಆ ಒಂದು ವಾರದಲ್ಲಿ ಬೀದಿಗೆ ಬರುತ್ತದೆ. ಬೆಳಿಗ್ಗೆ ಎಂಟೂವರೆ ಇರಬೇಕು, ಶಟರ್ ಎತ್ತಿ ಅಂಗಡಿ ಮುಂದೆ ನೀರು ಹಾಕುತ್ತಿದ್ದೆ. ಕಸದ ಗಾಡಿ ಎಂದಿನಂತೆ ಹಾಡು ಹಾಕಿಕೊಂಡು ಬಂತು. ಒಣಕಸದ ಭಾಗ ಆಗಲೇ ತುಂಬಿತ್ತು. ಹಿಂದೆ ನಿಂತಿದ್ದ ಪೌರಕಾರ್ಮಿಕ ಅಕ್ಕ ಇನ್ನೊಂದಿಷ್ಟು ಹಿಡಿಸಲಿ ಎಂದು ರಟ್ಟಿನ ಡಬ್ಬಗಳನ್ನು ಕಾಲಿನಿಂದ ತುಳಿದು ಅದುಮುತ್ತಿದ್ದರು. 'ಟಪ್' ಎಂದು ಒಂದು ಸದ್ದಾಯಿತು. ಹಿಂದೆಯೇ ಬಿಳಿ ಹೊಗೆ, ಉಗುರುಬಣ್ಣದಂಥ ಸಿಹಿಸಿಹಿ ವಾಸನೆ. ನಮ್ಮ ಕಸುಬಿನವರಿಗೆ ಆ ವಾಸನೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ನಾನು ಕೂಗುವಷ್ಟರಲ್ಲಿ ರಟ್ಟು ಭಗ್ಗನೆ ಹತ್ತಿಕೊಂಡಿತ್ತು.

ಆ ಅಕ್ಕ ಕೆಳಗೆ ಹಾರಬಹುದಿತ್ತು. ಹಾರಲಿಲ್ಲ. ಗಾಡಿ ಸುಟ್ಟುಹೋದೀತು ಎಂಬ ಭಯಕ್ಕೆ, ಉರಿಯುತ್ತಿದ್ದ ವಸ್ತುವನ್ನು ಕೈಯಿಂದಲೇ ಎಳೆದು ರಸ್ತೆಗೆ ಎಸೆದರು. ನಾನು ಬಕೆಟ್ ಎತ್ತಿಕೊಂಡು ಓಡಿದರೆ ಸುತ್ತ ನಿಂತವರೆಲ್ಲ "ನೀರು ಹಾಕ್ಬೇಡ್ರೀ, ಬ್ಯಾಟ್ರಿ ಅದು, ಸಿಡಿಯುತ್ತೆ!" ಎಂದು ಕೂಗುತ್ತಿದ್ದರು. ಗಾಡಿಯ ಮೇಲೆ ಎರಡು ಬಕೆಟ್ ಸುರಿದೆ, ರಟ್ಟಿನ ಬೆಂಕಿ ಆರಿತು. ರಸ್ತೆಯಲ್ಲಿ ಬಿದ್ದಿದ್ದು ಒಂದು ಪವರ್ ಬ್ಯಾಂಕ್. ಅರ್ಧ ಕರಕಲಾಗಿತ್ತು. ಡ್ರೈವರ್ ಅದನ್ನು ಚರಂಡಿ ಅಂಚಿಗೆ ಒದ್ದ. ಮುಗಿಯಿತು ಎಂದುಕೊಂಡು ಆ ಅಕ್ಕನ ಕೈಗೆ ನಲ್ಲಿ ನೀರು ಬಿಡುತ್ತಿದ್ದೆವು. ಹತ್ತು ನಿಮಿಷ ಕಳೆದಿರಬೇಕು, ಯಾರೂ ಮುಟ್ಟದೆ, ಅದರೊಳಗಿನ ಎರಡನೇ ಸೆಲ್ ಮತ್ತೆ ಸಿಡಿದು ಉರಿಯಿತು.

ಅವರ ಎರಡು ಬೆರಳು, ಅಂಗೈಯ ಒಂದು ಬದಿ ಸುಟ್ಟು ಬೊಬ್ಬೆ ಎದ್ದಿತ್ತು. ನೋವಿಗಿಂತ ಹೆಚ್ಚಾಗಿ ಅವರ ಮುಖದಲ್ಲಿ ಇದ್ದದ್ದು ಆಶ್ಚರ್ಯ. "ಅಣ್ಣಾ, ಕಸದಾಗೆ ಸೂಜಿ ನೋಡೀವಿ, ಬ್ಲೇಡು ನೋಡೀವಿ, ಗಾಜು ನೋಡೀವಿ. ತನ್ನಷ್ಟಕ್ಕೆ ತಾನೇ ಹತ್ಕೊಳ್ಳೋ ಕಸ ಇದ್ಯಾವುದಣ್ಣಾ?" ಎಂದರು.

ನನಗೆ ಉತ್ತರ ಗೊತ್ತಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಹದಿನೇಳು ವರ್ಷದಿಂದ ನಾನೂ ಅದನ್ನೇ ಮಾಡಿಕೊಂಡು ಬಂದಿದ್ದೆ. ಗಿರಾಕಿ ಫೋನ್ ತರುತ್ತಾರೆ, "ಹಿಂದಿನ ಕವರ್ ಎದ್ದಿದೆ" ಎನ್ನುತ್ತಾರೆ. ಬಿಚ್ಚಿದರೆ ಒಳಗೆ ಬ್ಯಾಟರಿ ಪೂರಿಯಂತೆ ಊದಿರುತ್ತದೆ. ಹೊಸದು ಹಾಕುತ್ತೇನೆ, ಹಳೆಯದನ್ನು ಪೇಪರಿನಲ್ಲಿ ಸುತ್ತಿ ಅವರ ಕೈಗೇ ಕೊಡುತ್ತೇನೆ: "ಎಲ್ಲಾದರೂ ಹಾಕಿಬಿಡಿ." ಆ 'ಎಲ್ಲಾದರೂ' ಎಂದರೆ ಆ ಅಕ್ಕ ತುಳಿಯುವ ಗಾಡಿ. ಆ ದಿನದ ಪವರ್ ಬ್ಯಾಂಕ್ ಯಾವ ಮನೆಯದೋ ನನಗೆ ಗೊತ್ತಿಲ್ಲ. ನನ್ನ ಅಂಗಡಿಯಿಂದ ಹೋದದ್ದಲ್ಲ ಎಂದು ಆಣೆ ಮಾಡುವ ಧೈರ್ಯವೂ ಇಲ್ಲ.

ಅವತ್ತಿನಿಂದ ಹಳೇ ಬ್ಯಾಟರಿಯನ್ನು ಯಾರಿಗೂ ವಾಪಸ್ ಕೊಡುವುದಿಲ್ಲ. ಅಜ್ಜಿಯ ಕಾಲದ ತೂತುಬಿದ್ದ ತಾಮ್ರದ ಹಂಡೆಯೊಂದು ಮನೆಯಲ್ಲಿತ್ತು. ಅದಕ್ಕೆ ಒಣಮರಳು ತುಂಬಿ, ಪ್ರತಿ ಬ್ಯಾಟರಿಯ ತುದಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದಂತೆ ಮರಳಿನಲ್ಲಿ ಹೂಳುತ್ತಾ ಬಂದಿದ್ದೇನೆ. ಈ ಪತ್ರ ಬರೆಯುವ ಹೊತ್ತಿಗೆ ಅದರೊಳಗೆ ಅರವತ್ತಮೂರು ಇವೆ. ಅಂಗಡಿ ಮಹಡಿಯ ಮೇಲೆ ಮಾಲೀಕರ ಸಂಸಾರ ಇದೆ. ಹಾಗಾಗಿ ರಾತ್ರಿ ಶಟರ್ ಎಳೆಯುವ ಮೊದಲು ಹಂಡೆಯನ್ನು ಹೊರಗಿನ ಕಟ್ಟೆಗೆ ಎತ್ತಿಡುತ್ತೇನೆ, ಬೆಳಿಗ್ಗೆ ಒಳಗೆ ತರುತ್ತೇನೆ. ಎದುರಿನ ಬೀಡಾ ಅಂಗಡಿಯವರು "ನಿಧಿ ಕಾಯ್ತಿದ್ದೀಯೇನೋ" ಎಂದು ನಗುತ್ತಾರೆ.

ಸ್ವಾಮಿ, ಇದು ಒಬ್ಬ ರಿಪೇರಿಯವನ ಅತಿಭಯ ಎಂದು ತಾವು ಅಂದುಕೊಳ್ಳಬಾರದು. ಆದ್ದರಿಂದ ಒಳಗೆ ಏನಿದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದನ್ನು ಸಾಧ್ಯವಾಗಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಬರಬೇಕಾದ್ದೇ. ನನ್ನ ಅನ್ನವೂ ಅದರಿಂದಲೇ. ಒಂದು ತಾಮ್ರದ ಹಾಳೆ, ಒಂದು ಅಲ್ಯೂಮಿನಿಯಂ ಹಾಳೆ, ಎರಡರ ಮೇಲೂ ಪುಡಿ ಬಳಿದಿರುತ್ತಾರೆ. ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಇವನ್ನು ಸುರುಳಿ ಸುತ್ತಿ ಅಥವಾ ಒಂದರ ಮೇಲೊಂದು ಪೇರಿಸಿ, ಸುಲಭವಾಗಿ ಹತ್ತಿಕೊಳ್ಳುವ ಒಂದು ದ್ರವ ತುಂಬಿ, ಗಾಳಿಯಾಡದಂತೆ ಮುಚ್ಚಿರುತ್ತಾರೆ. ಆ ಪೊರೆ ಹರಿಯದಿರುವ ತನಕ ಎಲ್ಲ ಕ್ಷೇಮ. ತುಳಿದರೆ, ಬಾಗಿಸಿದರೆ, ಚುಚ್ಚಿದರೆ, ಅಥವಾ ಶಾಖ 130 ಡಿಗ್ರಿ ದಾಟಿ ಪೊರೆ ಕರಗಿದರೆ ಎರಡು ಹಾಳೆಗಳು ಒಳಗೊಳಗೇ ತಾಗುತ್ತವೆ. ತಾಗಿದ ಕಡೆ ಶಾಖ, ಆ ಶಾಖದಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಮತ್ತಷ್ಟು ಶಾಖ. ಥರ್ಮಲ್ ರನ್‌ಅವೇ ಎನ್ನುವುದು ಇದನ್ನೇ. ಹಾಲು ಉಕ್ಕಿದರೆ ಒಲೆ ಆರಿಸಬಹುದು. ಇಲ್ಲಿ ಒಲೆ ಹಾಲಿನೊಳಗೇ ಇರುತ್ತದೆ.

ಊದುವುದು ಅದಕ್ಕೆ ಮುಂಚಿನ ಎಚ್ಚರಿಕೆ. ಹಳತಾಗಿಯೋ, ಬಿಸಿಯಾಗಿಯೋ, ಚಾರ್ಜ್ ಅತಿಯಾಗಿಯೋ ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ, ಚೀಲ ಉಬ್ಬುತ್ತದೆ. ಹಳ್ಳಿ ಕಡೆಯಿಂದ ಬರುವ ಕೆಲವು ಹುಡುಗರು ಪಿನ್ನಿನಿಂದ ಚುಚ್ಚಿ ಗ್ಯಾಸ್ ತೆಗೆದು, ಚಪ್ಪಟೆ ಮಾಡಿ, ಮತ್ತೆ ಫೋನಿಗೆ ಹಾಕಿಕೊಂಡು ಬಂದಿರುತ್ತಾರೆ. ನೋಡಿದಾಗೆಲ್ಲ ಎದೆ ಧಸಕ್ ಎನ್ನುತ್ತದೆ. ಪಿನ್ ಇನ್ನೊಂದು ಕೂದಲೆಳೆ ಒಳಗೆ ಹೋಗಿದ್ದರೆ ಆ ಹುಡುಗನ ಮುಖ ಉಳಿಯುತ್ತಿರಲಿಲ್ಲ.

ಇನ್ನು ನೀರಿನ ಮಾತು. ಲಿಥಿಯಂ ಲೋಹಕ್ಕೆ ನೀರು ತಾಗಿದರೆ ಅಪಾಯ ಎಂದು ಹೈಸ್ಕೂಲಿನಲ್ಲಿ ಓದಿದ್ದನ್ನೇ ಜನ ಇಲ್ಲಿಗೂ ಹಚ್ಚುತ್ತಾರೆ. ಫೋನು, ಸ್ಕೂಟರಿನ ಬ್ಯಾಟರಿಯಲ್ಲಿ ಲಿಥಿಯಂ ಸಾಮಾನ್ಯವಾಗಿ ಲೋಹದ ಗಟ್ಟಿಯಾಗಿ ಇರುವುದಿಲ್ಲ, ಬೇರೆ ಪುಡಿಗಳೊಳಗೆ ಸೇರಿಕೊಂಡಿರುತ್ತದೆ. ಪ್ಲಗ್ ಕಿತ್ತು ಕರೆಂಟು ತಪ್ಪಿಸಿದ ಮೇಲೆ ಇಂಥ ಸಣ್ಣ ಬ್ಯಾಟರಿಗೆ ಬೇಕಾದ್ದು ನೀರೇ, ಅದೂ ಧಾರಾಳವಾಗಿ. ಬೆಂಕಿ ಆರಿದರೆ ಸಾಲದು, ಒಳಗಿನ ಶಾಖ ಇಳಿಯಬೇಕು. ಇಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಆ ಚರಂಡಿ ಅಂಚಿನಲ್ಲಿ ಎಲ್ಲರೂ ನೋಡಿದೆವು. ದೊಡ್ಡ ಪ್ಯಾಕ್ ಗಂಟೆಗಳ ನಂತರವೂ ಮತ್ತೆ ಹತ್ತಿಕೊಳ್ಳಬಹುದು. ಸ್ಕೂಟರಿಗೆ ಬೆಂಕಿ ಬಿದ್ದರೆ ಮನೆಯವರು ನೀರು ಹಿಡಿದುಕೊಂಡು ನಿಲ್ಲಬಾರದು, ಹಿಂದೆ ಬಾಗಿಲು ಎಳೆದುಕೊಂಡು ಹೊರಗೆ ಓಡಬೇಕು, 112ಕ್ಕೆ ಕರೆ ಮಾಡಬೇಕು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಉರಿಗಿಂತ ಮೊದಲು ಆಳನ್ನು ಕೆಡಹುವುದು ಅದು.

ಆಯುಧಪೂಜೆಯ ರಜೆ ಮುಗಿದ ಸೋಮವಾರವೇ ನಾನು ತಮ್ಮ ಕಚೇರಿಗೆ ಬಂದೆ. ಆರೋಗ್ಯ ಶಾಖೆಯಲ್ಲಿ ವಿಷಯ ಹೇಳಿದೆ. "ಹಳೇ ಬ್ಯಾಟ್ರಿನಾ? ಒಣಕಸಕ್ಕೆ ಹಾಕ್ರಿ" ಎಂದರು. ಅದನ್ನು ಹಾಕಿದ್ದಕ್ಕೇ ಗಾಡಿ ಹತ್ತಿಕೊಂಡದ್ದು ಎಂದೆ. ಹಾಗಾದರೆ ಪರಿಸರ ಇಂಜಿನಿಯರನ್ನು ಕೇಳಿ ಎಂದರು. ಅವರು ಮೀಟಿಂಗಿಗೆ ಹೋಗಿದ್ದರು. ಮೂರನೇ ಸಲ ಸಿಕ್ಕರು, ಸಮಾಧಾನದಿಂದ ಕೇಳಿಸಿಕೊಂಡರು, ಅದನ್ನು ಇಲ್ಲ ಎನ್ನಲಾರೆ. ಇದು ನಮಗೆ ಬರುವುದಿಲ್ಲ, ಜಿಲ್ಲೆಯ ಇನ್ನೊಂದು ಕಚೇರಿಗೆ ಬರುತ್ತದೆ ಎಂದರು. ಆ ಕಚೇರಿಗೂ ಹೋದೆ. ಅಲ್ಲಿಯವರು, ನಾವು ಕಾರ್ಖಾನೆಗಳನ್ನು ನೋಡುವವರು, ಊರಿನ ಕಸ ನಗರಸಭೆಯದು ಎಂದರು. ಬ್ಯಾಗಿನಲ್ಲಿ ತೋರಿಸಲೆಂದು ಒಂದು ಊದಿದ ಬ್ಯಾಟರಿ ಒಯ್ದಿದ್ದೆ, ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಮರಳು ಹಾಕಿ. ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಸಾಹೇಬರು ಕುರ್ಚಿ ಹಿಂದೆ ಸರಿಸಿದರು. ಅಪಾಯದ ಅರಿವು ಅವರಿಗಿದೆ ಎಂದು ನನಗೆ ಅಷ್ಟರಿಂದಲೇ ಸಮಾಧಾನವಾಯಿತು!

ತಮಗೆ ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕಾನೂನು ಓದಿದವನಲ್ಲ ನಾನು, ಆದರೂ ಈ ಒಂದನ್ನು ಪಟ್ಟಾಗಿ ಕೂತು ಓದಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯ ಎಂದು ಹೆಸರು ಹಿಡಿದು ಕರೆದಿದ್ದವು, ಹಳೇ ಸೂಜಿ, ಒಡೆದ ಥರ್ಮಾಮೀಟರ್, ಕೀಟನಾಶಕದ ಡಬ್ಬಗಳ ಸಾಲಿನಲ್ಲಿ. ಅಂಥ ಕಸವನ್ನು ಜನ ತಂದುಕೊಡಲು 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದರಂತೆ ಕೇಂದ್ರ ತೆರೆಯಬೇಕು, ಅದರ ಸಮಯವನ್ನು ಪ್ರಕಟಿಸಬೇಕು ಎಂದು ಹೇಳಿದ್ದು ಸ್ಥಳೀಯ ಸಂಸ್ಥೆಗೇ. ನಮ್ಮೂರಿನಲ್ಲಿ ಅಂಥದ್ದು ಎಲ್ಲಿದೆ ಎಂದು ಮೂವತ್ತೊಂದು ವಾರ್ಡಿನಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಕೇಂದ್ರ ಇದ್ದೂ ನಮಗೆ ಗೊತ್ತಿಲ್ಲದಿದ್ದರೆ ದಯವಿಟ್ಟು ತಿಳಿಸಿ, ಈ ಪತ್ರಕ್ಕೆ ಬಹಿರಂಗವಾಗಿಯೇ ಕ್ಷಮೆ ಕೇಳುತ್ತೇನೆ.

ಆಮೇಲೆ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದವು. ಬ್ಯಾಟರಿ ತಯಾರಿಸುವ, ಆಮದು ಮಾಡಿಕೊಳ್ಳುವ ಕಂಪನಿಗಳೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಮರುಬಳಕೆ ಮಾಡುವವರು ಫೋನು, ವಿದ್ಯುತ್ ವಾಹನದಂಥವುಗಳ ಬ್ಯಾಟರಿಯೊಳಗಿನ ವಸ್ತುಗಳಲ್ಲಿ 2026-27ರಿಂದ ಶೇ. 90ರಷ್ಟನ್ನು ಹಿಂಪಡೆಯಬೇಕು. ಬಳಸುವ ನಮ್ಮಂಥವರು ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಬ್ಯಾಟರಿಯ ಮೇಲೆ ಚಕ್ರ ಇರುವ ಕಸದ ಬುಟ್ಟಿಯ ಚಿತ್ರ ಹಾಕಿ ಅದಕ್ಕೆ ಅಡ್ಡಗೀಟು ಎಳೆದಿರುವುದನ್ನು ತಾವು ನೋಡಿರಬಹುದು. ಕಸಕ್ಕೆ ಹಾಕಬೇಡಿ ಎಂದು ಅದರ ಅರ್ಥ. ಗೀಟು ಎಳೆದವರು ಸರಿಯಾಗೇ ಎಳೆದಿದ್ದಾರೆ. ಮತ್ತೆಲ್ಲಿಗೆ ಹಾಕಬೇಕು ಎಂಬ ಚಿತ್ರ ಮಾತ್ರ ಎಲ್ಲೂ ಇಲ್ಲ.

ಕಾರಿನ, ಯುಪಿಎಸ್‌ನ ಹಳೇ ಬ್ಯಾಟರಿ ಹೀಗೆ ಬೀದಿಪಾಲಾಗುವುದಿಲ್ಲ, ಗಮನಿಸಿದ್ದೀರಾ? ಅದರಲ್ಲಿರುವ ಸೀಸಕ್ಕೆ ಬೆಲೆ ಇದೆ. ಹಳೆಯದು ಕೊಟ್ಟರೆ ಹೊಸದರಲ್ಲಿ ದುಡ್ಡು ಮುರಿದುಕೊಳ್ಳುತ್ತಾರೆ, ಗುಜರಿಯವನು ಮನೆ ಬಾಗಿಲಿಗೆ ಬಂದು ತೂಕ ಹಾಕುತ್ತಾನೆ. ಲಿಥಿಯಂ ಬ್ಯಾಟರಿಯನ್ನು ನಮ್ಮೂರ ಗುಜರಿಯವನು ಮುಟ್ಟುವುದಿಲ್ಲ. ಅದರೊಳಗೂ ಕೋಬಾಲ್ಟ್, ನಿಕ್ಕಲ್, ತಾಮ್ರ ಇವೆ, ಆದರೆ ನಲವತ್ತು ಗ್ರಾಂನ ಒಂದೊಂದು ತುಂಡನ್ನು ಹಿಡಿದು ಯಾರು ಲೆಕ್ಕ ಹಾಕುತ್ತಾರೆ? ಒಟ್ಟುಮಾಡಿದರೆ ಬೆಲೆ, ಬಿಡಿಬಿಡಿಯಾಗಿದ್ದರೆ ಬೆಂಕಿ. ಒಟ್ಟುಮಾಡುವ ಶಕ್ತಿ ಊರಿನಲ್ಲಿ ಇರುವುದು ತಮ್ಮ ಒಬ್ಬರ ಬಳಿ. ದಿನಾ ಬೆಳಿಗ್ಗೆ ಪ್ರತಿ ಮನೆ ಬಾಗಿಲಿಗೆ ಹೋಗುವ ಗಾಡಿ ಇರುವುದು ನಗರಸಭೆಗೆ ಮಾತ್ರ.

ಒಟ್ಟು ಎಷ್ಟಿರಬಹುದು ಎಂದು ಮನೆಯಲ್ಲಿ ಒಂದು ಸಂಜೆ ಹುಡುಗಾಟಕ್ಕೆ ಲೆಕ್ಕ ಹಾಕಿದೆವು. ನಾಲ್ಕು ಫೋನು, ಕೆಲಸ ಬಿಟ್ಟ ಎರಡು ಹಳೇ ಫೋನು, ಮಗಳ ಲ್ಯಾಪ್‌ಟಾಪ್, ಎರಡು ಜೊತೆ ಇಯರ್‌ಬಡ್ಸ್, ಪವರ್ ಬ್ಯಾಂಕ್, ನನ್ನ ಟ್ರಿಮ್ಮರ್, ಚಾರ್ಜಿನ ಟಾರ್ಚ್, ಕರೆಂಟು ಹೋದರೆ ತಾನೇ ಉರಿಯುವ ಬಲ್ಬು, ಸೊಳ್ಳೆ ಬ್ಯಾಟು. ಸೊಳ್ಳೆ ಬ್ಯಾಟಿನೊಳಗೆ ಸೀಸದ್ದೋ ಲಿಥಿಯಂನದೋ ನೋಡಬೇಕೆಂದು ಬಿಚ್ಚಿದೆ. ಹೆಂಡತಿಯಿಂದ ಬೈಸಿಕೊಂಡೆ, ಅದು ಬೇರೆ ಕಥೆ. ಅದು ಸೀಸದ್ದೇ ಆಗಿತ್ತು. ಅದನ್ನು ಬಿಟ್ಟರೂ ನಾಲ್ಕು ಜನರ ಮನೆಯಲ್ಲಿ ಹದಿಮೂರಕ್ಕೆ ಕಡಿಮೆ ಇಲ್ಲ. ಇವೆಲ್ಲ ಒಂದಲ್ಲ ಒಂದು ಆಯುಧಪೂಜೆಗೆ ಬೀದಿಗೆ ಬರಬೇಕಾದವೇ.

ಓದುತ್ತಿರುವ ಊರವರಿಗೂ ಇಲ್ಲಿ ನಾಲ್ಕು ಮಾತು ಹೇಳಬೇಕು. ಪೌರಾಯುಕ್ತರು ಮನ್ನಿಸಬೇಕು. ಫೋನನ್ನು ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಚಾರ್ಜಿಗೆ ಇಟ್ಟು ಮಲಗಬೇಡಿ, ಶಾಖ ಹೋಗಲು ದಾರಿ ಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಬಿಡಬೇಡಿ. ಬೀರುವಿನಲ್ಲಿ ವರ್ಷಗಟ್ಟಲೆ ಸತ್ತು ಮಲಗಿದ್ದ ಫೋನನ್ನು ಹೊರಗೆ ತೆಗೆದು ಚಾರ್ಜಿಗೆ ಹಾಕಿ ಮಕ್ಕಳ ಕೈಗೆ ಕೊಡುವವರು ಬಹಳ. ಸೆಲ್ಲಿನ ವೋಲ್ಟೇಜು ತೀರಾ ಕೆಳಗೆ ಇಳಿದು ಹಾಗೇ ಉಳಿದರೆ ಒಳಗಿನ ತಾಮ್ರ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಡದ ಕಡೆ ಕೂತು ಶಾರ್ಟ್ ಆಗಬಹುದು. ಬಹುದಿನ ಎತ್ತಿಡುವುದಿದ್ದರೆ ಅರ್ಧ ಚಾರ್ಜ್ ಉಳಿಸಿ ಎತ್ತಿಡಿ. ಬ್ಯಾಟರಿ, ಪವರ್ ಬ್ಯಾಂಕ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ನೋಡಿ, ಅದರ ಜೊತೆ ಆರ್ ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಸಂತೆಯಲ್ಲಿ ಮಾರುವ ಟಾರ್ಚಿನ ಉದ್ದನೆಯ ಸೆಲ್ ಇದೆಯಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು, ಅದರ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಆ ಅಳತೆಯ ಒಳ್ಳೆಯ ಸೆಲ್ಲಿಗೂ ಮೂರೂವರೆ ಸಾವಿರದ ಆಚೀಚೆಗಿಂತ ಹೆಚ್ಚು ಹಿಡಿಯುವುದಿಲ್ಲ. ಮೇಲಿನ ಬರಹವೇ ಸುಳ್ಳಾದರೆ ಒಳಗಿನದನ್ನು ಹೇಗೆ ನಂಬುವುದು?

ನನ್ನ ವೃತ್ತಿಬಾಂಧವರೂ ಸಿಟ್ಟಾಗಬಾರದು. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನು, ಸೌರದೀಪದ ಕಂಬದಿಂದ ಹೇಗೋ ಇಳಿದು ಬಂದ ಸೆಲ್ಲುಗಳನ್ನು ಸೇರಿಸಿ ಪ್ಯಾಕ್ ಕಟ್ಟಿಕೊಡುವವರು ನಮ್ಮಲ್ಲೂ ಇದ್ದಾರೆ. ಒಂದು ಪ್ಯಾಕಿನಲ್ಲಿ ಒಂದು ಬಡ ಸೆಲ್ ಸೇರಿದರೆ ಚಾರ್ಜಿಂಗ್‌ನಲ್ಲಿ ಅದು ಮೊದಲು ತುಂಬಿ ಅತಿಯಾಗುತ್ತದೆ, ಬಳಕೆಯಲ್ಲಿ ಮೊದಲು ಬರಿದಾಗುತ್ತದೆ. ಅದನ್ನು ಕಾಯುವ ಬಿಎಂಎಸ್ ಬೋರ್ಡು ಹಾಕದೆ ಮುನ್ನೂರು ರೂಪಾಯಿ ಉಳಿಸಿಕೊಡುವುದು ಗಿರಾಕಿಗೆ ಮಾಡುವ ಉಪಕಾರವಲ್ಲ.

ಈಗ ಸ್ಕೂಟರಿನ ವಿಷಯ. ಒಂದು ಫೋನಿನ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಶಕ್ತಿ ಇದ್ದರೆ, 3 ಕಿಲೋವ್ಯಾಟ್-ಅವರಿನ ಸ್ಕೂಟರ್ ಪ್ಯಾಕ್ ಎಂದರೆ ಅಂಥ ನೂರೈವತ್ತಕ್ಕೂ ಹೆಚ್ಚು ಫೋನು ಒಂದೇ ಕಡೆ ಪೇರಿಸಿಟ್ಟ ಹಾಗೆ. ವಿದ್ಯುತ್ ವಾಹನಕ್ಕೆಂದು ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಆ ಬಗ್ಗೆ ನನಗೂ ಹೆಮ್ಮೆ ಇದೆ. ಸ್ಕೂಟರ್ ಬೇಡ ಎಂದು ಹೇಳುತ್ತಿಲ್ಲ. ಅದನ್ನು ಎಲ್ಲಿಟ್ಟು ಚಾರ್ಜ್ ಮಾಡುತ್ತೇವೆ ಎಂಬುದಷ್ಟೇ ನನ್ನ ತಕರಾರು. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟ ಸ್ಕೂಟರ್ ಹತ್ತಿಕೊಂಡು, ಆ ಹೊಗೆಗೆ ಅಪ್ಪ ಮಗಳು ಇಬ್ಬರೂ ಹೋದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ, ಕೆಳಗೆ ವಿದ್ಯುತ್ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಬೆಂಕಿ ಬಿದ್ದು 8 ಜನ ತೀರಿಕೊಂಡರು. ಮೆಟ್ಟಿಲ ಮೂಲಕ ಹೊಗೆ ಮೇಲೇರಿತ್ತು. ಆಮೇಲೆ ಕೇಂದ್ರ ಸರ್ಕಾರ ಸ್ಕೂಟರ್ ಬ್ಯಾಟರಿಗಳ ಸುರಕ್ಷತಾ ಪರೀಕ್ಷೆಯನ್ನು, ಎಐಎಸ್-156 ಎಂಬುದನ್ನು, ಬಿಗಿಗೊಳಿಸಿತು. 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು ಹಂತ. ಹೊಸ ಬ್ಯಾಟರಿಗಳು ಈಗ ಎಷ್ಟೋ ವಾಸಿ. ಅದಕ್ಕೂ ಮೊದಲು ಮಾರಿದ ಗಾಡಿಗಳು ಇನ್ನೂ ನಮ್ಮ ರಸ್ತೆಗಳಲ್ಲೇ ಓಡುತ್ತಿವೆ, ರಾತ್ರಿ ನಮ್ಮ ಮೆಟ್ಟಿಲ ಕೆಳಗೇ ಮಲಗುತ್ತಿವೆ.

ನಮ್ಮೂರಿನಲ್ಲಿ ಕೆಳಗೆ ಸ್ಕೂಟರ್ ಮಳಿಗೆ, ಮೇಲೆ ಟ್ಯೂಷನ್ ಕ್ಲಾಸು, ಹತ್ತಿ ಇಳಿಯಲು ಇರುವುದು ಒಂದೇ ಮೆಟ್ಟಿಲು, ಅಂಥ ಕಟ್ಟಡ ನನ್ನ ಕಣ್ಣಿಗೆ ಬಿದ್ದದ್ದೇ ಎರಡು. ಅವಕ್ಕೆ ಲೈಸೆನ್ಸ್ ಕೊಟ್ಟವರು ತಾವು. ಸಂಜೆ ಆರಕ್ಕೆ ಒಂದು ಸಲ ಖುದ್ದಾಗಿ ಹೋಗಿ ನೋಡಿ, ಮೆಟ್ಟಿಲ ಬುಡದಲ್ಲಿ ಏನೇನು ಚಾರ್ಜಿಗೆ ನಿಂತಿರುತ್ತದೆ ಎಂದು. ಬೇರೆಯವರ ಮಾತೇಕೆ? ನಗರಸಭೆಯದೇ ಹೊಸ ವಿದ್ಯುತ್ ಕಸದ ಆಟೋಗಳು ಬಂದಿವೆಯಲ್ಲ, ಬಹಳ ಸಂತೋಷ, ಶಬ್ದ ಇಲ್ಲ, ಹೊಗೆ ಇಲ್ಲ. ಅವನ್ನು ರಾತ್ರಿ ಚಾರ್ಜ್ ಮಾಡುವುದು ಒಣಕಸ ಸಂಗ್ರಹ ಕೇಂದ್ರದ ತಗಡಿನ ಶೆಡ್ಡಿನಲ್ಲಿ. ಒಂದು ಕಡೆ ರಟ್ಟು, ಪ್ಲಾಸ್ಟಿಕ್ಕಿನ ಗುಡ್ಡೆ. ಮಾರು ದೂರದಲ್ಲಿ ಆಟೋಗಳ ಸಾಲು. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕಾವಲುಗಾರನ ಸಂಸಾರ ಮಲಗುತ್ತದೆ. ನಾನು ಹೋಗಿ ನೋಡಿಬಂದೇ ಬರೆಯುತ್ತಿದ್ದೇನೆ.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆ. ಇವು ಯಾವುವೂ ಕೋಟಿ ರೂಪಾಯಿ ಯೋಜನೆಯಲ್ಲ.

ಮೊದಲನೆಯದು ಆ ಅಕ್ಕನಂಥವರಿಗಾಗಿ. ಪ್ರತಿ ಕಸದ ಗಾಡಿಯ ಹೊರಬದಿಗೆ ಮುಚ್ಚಳ ಇರುವ ಒಂದು ಕಬ್ಬಿಣದ ಡಬ್ಬ ಬೆಸುಗೆ ಹಾಕಿಸಿ, ಅರ್ಧ ಮರಳು ತುಂಬಿಸಿ. ಬ್ಯಾಟರಿ, ಬ್ಯಾಟರಿ ಇರುವ ಆಟಿಕೆ, ಪವರ್ ಬ್ಯಾಂಕ್ ಅದಕ್ಕೆ ಮಾತ್ರ ಬೀಳಬೇಕು. ಜೊತೆಗೆ ಒಂದು ಉದ್ದ ಇಕ್ಕಳ, ಶಾಖ ತಡೆಯುವ ಕೈಗವಸು, ಹತ್ತು ಲೀಟರ್ ನೀರು. ಊದಿದ್ದನ್ನು ತುಳಿಯಬಾರದು, ಬಿಳಿ ಹೊಗೆ ಬಂದರೆ ಕೈ ಹಾಕದೆ ದೂರ ಸರಿಯಬೇಕು, ಗಾಡಿ ಹೋದರೆ ಹೋಗಲಿ ಎಂದು ಅವರಿಗೆ ಅಧಿಕೃತವಾಗಿ ಹೇಳಿ. ಗಾಡಿ ಹೋದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯಕ್ಕೇ ಅವರು ಕೈ ಹಾಕಿದ್ದು. ಅವರು ಹೊರಗುತ್ತಿಗೆಯವರಂತೆ. ಹನ್ನೊಂದು ದಿನ ಕೆಲಸಕ್ಕೆ ಬರಲಾಗಲಿಲ್ಲ, ಔಷಧಿಯ ದುಡ್ಡನ್ನು ತಾವೇ ಕೊಟ್ಟುಕೊಂಡರು. ಆ ಹನ್ನೊಂದು ದಿನದ ಕೂಲಿ ಮತ್ತು ಔಷಧಿಯ ಖರ್ಚನ್ನು ಅವರಿಗೆ ಕೊಡಿಸಬೇಕೆಂಬುದು ಈ ಪತ್ರದಲ್ಲಿ ನಾನು ಮಾಡುವ ಅತಿ ಮುಖ್ಯ ಬೇಡಿಕೆ. ಉಳಿದದ್ದಕ್ಕೆ ಸಭೆ, ನಿರ್ಣಯ, ಟೆಂಡರ್ ಬೇಕಾಗಬಹುದು. ಇದಕ್ಕೆ ತಮ್ಮ ಒಂದು ಸಹಿ ಸಾಕು.

ಎರಡನೆಯದು, ನಿಯಮ ಹೇಳಿದ ಕೇಂದ್ರ. ನಮ್ಮೂರಿಗೆ ಎರಡಾದರೂ ಬೇಕು, ಒಂದು ಮಾರುಕಟ್ಟೆ ಕಡೆ, ಒಂದು ರೈಲ್ವೆ ಗೇಟಿನ ಆಚೆ. ಗಾಳಿಯಾಡುವ, ಬಿಸಿಲು ಬೀಳದ, ಜನವಸತಿಗೆ ಅಂಟದ ಜಾಗ ಆಗಬೇಕು. ಸಮಯ ಬರೆದ ಬೋರ್ಡು ಕನ್ನಡದಲ್ಲಿ ಇರಬೇಕು. ಮನೆಯಿಂದ ಅಷ್ಟು ದೂರ ಯಾರು ತರುತ್ತಾರೆ ಎಂದು ತಾವು ಕೇಳಬಹುದು. ಅದಕ್ಕೆ ನಾವಿದ್ದೇವೆ. ಊರಿನ ಮೊಬೈಲ್ ಅಂಗಡಿಯವರಲ್ಲಿ ಹನ್ನೆರಡು ಜನರ ಜೊತೆ ಮಾತಾಡಿದ್ದೇನೆ. ಗಿರಾಕಿಗಳಿಂದ ಹಳೇ ಬ್ಯಾಟರಿ ಪಡೆದು ಮರಳಿನ ಡಬ್ಬದಲ್ಲಿ ಇಡಲು ಒಂಬತ್ತು ಜನ ಒಪ್ಪಿದ್ದಾರೆ. ದುಡ್ಡು ಕೇಳುತ್ತಿಲ್ಲ. ತಿಂಗಳಿಗೊಮ್ಮೆ ನಗರಸಭೆಯವರು ಬಂದು ಒಯ್ಯಬೇಕು, ಇಷ್ಟು ಕೆ.ಜಿ. ಪಡೆದೆವು ಎಂದು ರಸೀದಿ ಕೊಡಬೇಕು. ಉಳಿದ ಮೂವರು "ಮೊದಲು ಅವರು ಬಂದು ಒಯ್ಯಲಿ, ಆಮೇಲೆ ನೋಡೋಣ" ಎಂದರು. ಅವರನ್ನು ದೂರಲಾರೆ.

ಅಲ್ಲಿಂದ ಮುಂದೆ ಎಲ್ಲಿಗೆ ಎಂಬುದಕ್ಕೂ ದಾರಿ ಇದೆ. ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಸಿಗುತ್ತದೆ. ಹಳೇ ಬ್ಯಾಟರಿಯ ಲೆಕ್ಕ ತೋರಿಸಬೇಕಾದ ಕಂಪನಿಗಳಿಗೆ ಅವರ ಪ್ರಮಾಣಪತ್ರ ಬೇಕೇ ಬೇಕು. ಅಂದರೆ ನಾವು ಕೊಡುವ ಸರಕಿಗೆ ಆ ಕಡೆ ಬೇಡಿಕೆ ಇದೆ. ನನ್ನಂಥವನು ಅರವತ್ತಮೂರು ಬ್ಯಾಟರಿಗೆ ಫೋನ್ ಮಾಡಿದರೆ "ಎಷ್ಟು ಟನ್?" ಎಂದು ಕೇಳಿ ಇಡುತ್ತಾರೆ, ಕೇಳಿದ್ದಾರೆ ಕೂಡ. ನಗರಸಭೆ ಹೆಸರಿನಲ್ಲಿ ಹೋದರೆ ಹಾಗೆ ಇಡಲಾರರು.

ಕಸದ ಗಾಡಿಯ ಹಾಡಿನಲ್ಲಿ ಹಸಿಕಸ, ಒಣಕಸ ಎಂದು ದಿನಾ ಹೇಳಿ ಹೇಳಿ ಊರಿಗೆ ಬಾಯಿಪಾಠ ಮಾಡಿಸಿದ್ದೀರಿ. ಆ ಹಾಡು ಕೆಲಸ ಮಾಡಿದೆ, ನನ್ನ ಅಣ್ಣನ ಮೂರು ವರ್ಷದ ಮಗನೂ ಬಾಳೆಹಣ್ಣಿನ ಸಿಪ್ಪೆ ಹಿಡಿದು "ಹಚಿ ಕಚ" ಎನ್ನುತ್ತಾನೆ. ಅದಕ್ಕೇ ಒಂದು ಸಾಲು ಸೇರಿಸಿ: ಬ್ಯಾಟರಿ ಬೇರೆ ಕೊಡಿ. ಆಯುಧಪೂಜೆ, ದೀಪಾವಳಿ, ಯುಗಾದಿಗೆ ಮುಂಚಿನ ವಾರಗಳಲ್ಲಿ ಆ ಒಂದು ಸಾಲನ್ನೇ ಜೋರಾಗಿ ಹಾಕಿಸಿದರೂ ಸಾಕು.

ಇನ್ನು ಮಳಿಗೆಗಳ ವಿಷಯ ಅಗ್ನಿಶಾಮಕ ದಳದವರ ಜೊತೆ ಸೇರಿ ನೋಡಬೇಕಾದದ್ದು. ಮೇಲೆ ಜನ ಇರುವ ಕಟ್ಟಡದ ಏಕೈಕ ಮೆಟ್ಟಿಲ ಬಾಯಲ್ಲಿ ಚಾರ್ಜ್ ಮಾಡಬಾರದು ಎಂಬ ಒಂದು ಷರತ್ತನ್ನು ಲೈಸೆನ್ಸ್ ನವೀಕರಣದಲ್ಲಿ ಸೇರಿಸಿದರೆ ಏಪ್ರಿಲ್ ಬರುವುದರೊಳಗೆ ಅರ್ಧ ಕೆಲಸ ಆಗುತ್ತದೆ. ತಮ್ಮ ಆಟೋಗಳನ್ನು ತಗಡಿನ ಶೆಡ್ಡಿನಿಂದ ಹೊರಗೆ, ರಟ್ಟಿನ ಗುಡ್ಡೆಯಿಂದ ದೂರ ನಿಲ್ಲಿಸುವುದಕ್ಕಂತೂ ಏಪ್ರಿಲ್ ತನಕ ಕಾಯಬೇಕಿಲ್ಲ, ಇವತ್ತು ರಾತ್ರಿಯೇ ಆದೀತು.

ಮೊನ್ನೆ ಆ ಅಕ್ಕ ಕೆಲಸಕ್ಕೆ ಮರಳಿದ್ದಾರೆ. ಬೆರಳು ಪೂರ್ತಿ ಮಡಚಲು ಬರುತ್ತಿಲ್ಲ. ಹಂಡೆ ನೋಡಿ, "ಇದರಾಗೆ ಇಟ್ರೆ ಹತ್ಕಳಲ್ಲೇನಣ್ಣಾ?" ಎಂದು ಕೇಳಿದರು. ಹತ್ತಿಕೊಂಡರೂ ಹೊರಗೆ ಬರುವುದಿಲ್ಲ ಎಂದೆ. ಮಾರನೆಯ ದಿನದಿಂದ ಕಸದಲ್ಲಿ ಕಂಡ ಬ್ಯಾಟರಿಗಳನ್ನು ಒಂದು ಹಳೇ ಹಾಲಿನ ಕ್ಯಾನಿನಲ್ಲಿ ಆರಿಸಿಟ್ಟು ತಂದು ನನ್ನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಾರೆ. ನಗರಸಭೆ ಮಾಡಬೇಕಾದ ಕೆಲಸವನ್ನು ಸದ್ಯಕ್ಕೆ ಒಬ್ಬ ಹೊರಗುತ್ತಿಗೆಯ ಹೆಣ್ಣುಮಗಳು, ಒಂದು ತೂತು ಹಂಡೆ ಸೇರಿ ಮಾಡುತ್ತಿವೆ.

ಹಂಡೆಯಲ್ಲಿ ಇನ್ನು ನಾಲ್ಕು ಬೆರಳಿನಷ್ಟು ಜಾಗ ಉಳಿದಿದೆ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಗೆ ತರಬೇಕು ಎಂದು ತಿಳಿಸಿದರೆ ಲಗೇಜ್ ಆಟೋದಲ್ಲಿ ನನ್ನ ಖರ್ಚಿನಲ್ಲೇ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹಿಂದಿನ ರಸ್ತೆಯ ಮೊಬೈಲ್ ರಿಪೇರಿಯವನು
(ಹೆಸರು, ವಿಳಾಸ ತಮ್ಮ ಕಚೇರಿಯಲ್ಲಿರುವ ಎರಡೂ ಅರ್ಜಿಗಳಲ್ಲಿ ಇವೆ)